ವಿಮಾನ ಬಿತ್ತಾ? "ಸಿಗ್ನಲ್ ಹೋಯ್ತು" ಅನ್ನುವ ಮೊದಲು ಇಷ್ಟು ನೋಡಿ

ಕಳೆದ ಫೆಬ್ರವರಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ, ಅಣ್ಣಿಗೇರಿ ಕಡೆ ಕಡಲೆ ಕಿತ್ತು ಖಾಲಿಯಾಗಿದ್ದ ಎರೆ ಹೊಲದಲ್ಲಿ ನಮ್ಮ ಅಕ್ಕನ ಮಗನ ರಿಮೋಟ್ ಕಂಟ್ರೋಲ್ ಮಾದರಿ ವಿಮಾನ ಬಿತ್ತು. ಫೋಮ್ ಬೋರ್ಡಿನಲ್ಲಿ ಅವನೇ ಕತ್ತರಿಸಿ ಅಂಟಿಸಿದ ಟ್ರೈನರ್, ಅಂದರೆ ಹಾರಿಸಲು ಕಲಿಯುವವರ ವಿಮಾನ, ರೆಕ್ಕೆ 1.2 ಮೀಟರ್. ನಾಲ್ಕು ನಿಮಿಷ ಚೆನ್ನಾಗಿ ಹಾರಿತ್ತು. ಎಡಕ್ಕೆ ತಿರುಗುವಾಗ ಮೂಗು ಕೆಳಗಾಯಿತು, ಹಾಗೇ ಬಂದು ನೆಲಕ್ಕೆ ಬಡಿಯಿತು. "ಮಾಮಾ, ಪೂರಾ ಎಳದೆ, ಏನೂ ಆಗ್ಲಿಲ್ಲ. ಸಿಗ್ನಲ್ ಹೋತು" ಅಂದ. ಅಲ್ಲಿದ್ದವರೆಲ್ಲ ರಸ್ತೆ ಆಚೆಯ ಮೊಬೈಲ್ ಟವರ್ ಕಡೆ ನೋಡಿದರು.

ಹೊಲದ ಅಜ್ಜ ಮಾತ್ರ ಟವರ್ ನೋಡಲಿಲ್ಲ. ಮುರಿದ ಮೂಗಿನಿಂದ ಜೋತು ಬಿದ್ದಿದ್ದ ವೈರುಗಳನ್ನು ಎತ್ತಲು ಹೋಗಿ ಥಟ್ಟನೆ ಕೈ ಹಿಂದಕ್ಕೆ ತಗೊಂಡರು. "ಯಪ್ಪಾ, ಇದು ಸುಡಾಕತ್ತೈತಿ ನೋಡ್ರಿ." ಅವರ ಕೈಗೆ ತಾಗಿದ್ದು ಇಎಸ್‌ಸಿ, ಅಂದರೆ ಮೋಟರಿನ ವೇಗ ನಿಯಂತ್ರಿಸುವ ಬೋರ್ಡು. ಆವತ್ತು ನಾವು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ಸಂಜೆ ಟೇಬಲ್ ಮೇಲೆ ಹುಡುಕಿದ ನಂತರ ಗೊತ್ತಾಯಿತು, ಉತ್ತರ ಅಜ್ಜನ ಕೈಗೆ ಆಗಲೇ ಸಿಕ್ಕಿತ್ತು.

ನಾನು ನೋಡಿದ ಮಟ್ಟಿಗೆ, "ಸಿಗ್ನಲ್ ಹೋಯ್ತು" ಅನ್ನುವ ಬಹಳಷ್ಟು ಪ್ರಸಂಗಗಳಲ್ಲಿ ರೇಡಿಯೋ ತಪ್ಪು ಮಾಡಿರುವುದಿಲ್ಲ. ವಿಮಾನದೊಳಗೆ ಸಿಗ್ನಲ್ ಹಿಡಿಯುವ ರಿಸೀವರ್‌ಗೆ ಕರೆಂಟ್ ಸಿಕ್ಕಿರುವುದಿಲ್ಲ, ಇಲ್ಲವೇ ಒಂದು ತಂತಿ, ಒಂದು ಗೇರು, ಒಂದು ಕೊಂಡಿ ಕೈ ಕೊಟ್ಟಿರುತ್ತದೆ. ಕಾರಣ ಸಿಗದೆ ರೆಕ್ಕೆ ಅಂಟಿಸಿ ಮತ್ತೆ ಹಾರಿಸಿದರೆ ಅದೇ ವಿಮಾನ ಅದೇ ಥರ ಮತ್ತೆ ಬೀಳುತ್ತದೆ. ಎರಡನೇ ಸಲ ಅದು ಯಾರ ತಲೆ ಮೇಲೆ ಬೀಳುತ್ತದೋ ಹೇಳಕ್ಕಾಗಲ್ಲ. ಹಾಗಾಗಿ ನಾವು ಹುಡುಕುವ ಕ್ರಮವನ್ನು ಪೂರ್ತಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಬಿದ್ದ ಜಾಗದಲ್ಲಿ, ಮೊದಲ ಐದು ನಿಮಿಷ

ಟ್ರಾನ್ಸ್‌ಮಿಟರ್ (ಕೈಯಲ್ಲಿರುವ ರಿಮೋಟ್) ಆಫ್ ಮಾಡಬೇಡಿ. ಥ್ರಾಟಲ್ (ಮೋಟರ್ ವೇಗದ ಸ್ಟಿಕ್) ಪೂರ್ತಿ ಕೆಳಗೆ ಇಳಿಸಿ, ಥ್ರಾಟಲ್ ಕಟ್ ಸ್ವಿಚ್ ಇದ್ದರೆ ಹಾಕಿ. ನಡೆದುಕೊಂಡು ಹೋಗಿ, ಪ್ರೊಪೆಲ್ಲರ್ ಎದುರು ನಿಲ್ಲದೆ ಪಕ್ಕದಿಂದ ನೋಡಿ. ಸ್ಟಿಕ್ ಅಲ್ಲಾಡಿಸಿದರೆ ಏಲೆರಾನ್ (ರೆಕ್ಕೆಯ ಹಿಂಬದಿಯ ಪಟ್ಟಿ), ಎಲಿವೇಟರ್ (ಬಾಲದ ಅಡ್ಡ ಪಟ್ಟಿ), ರಡ್ಡರ್ (ಬಾಲದ ನಿಂತ ಪಟ್ಟಿ) ಅಲ್ಲಾಡುತ್ತವಾ? ಒಂದೇ ಒಂದು ಸುಮ್ಮನಿದೆಯಾ? ರಿಸೀವರ್ ದೀಪ ಉರಿಯುತ್ತಿದೆಯಾ, ಮಿನುಗುತ್ತಿದೆಯಾ, ಆರಿದೆಯಾ? ಕೆಲವು ರಿಸೀವರ್‌ಗಳು ಹಾರಾಟದ ನಡುವೆ ಕರೆಂಟ್ ಹೋಗಿ ಬಂದಿದ್ದರೆ ದೀಪ ಮಿನುಗಿಸಿ ಹೇಳುತ್ತವೆ. ಬ್ಯಾಟರಿ ಕಿತ್ತ ಕ್ಷಣ ಆ ಸಾಕ್ಷಿ ಅಳಿಸಿಹೋಗುತ್ತದೆ. ಅದಕ್ಕೇ ಮೊದಲು ಫೋನ್ ತೆಗೆದು ವಿಡಿಯೋ ಮಾಡಿ, ಆಮೇಲೆ ಬ್ಯಾಟರಿ ಬಿಚ್ಚಿ.

ಆದರೆ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ನೆಗ್ಗಿದ್ದರೆ, ಉಬ್ಬಿದ್ದರೆ, ಸಿಹಿ ವಾಸನೆ ಬರುತ್ತಿದ್ದರೆ ಸಾಕ್ಷಿ ಗೀಕ್ಷಿ ಬಿಡಿ, ಮೊದಲು ಅದನ್ನು ಬಿಚ್ಚಿ ಬರಿ ಮಣ್ಣಿನ ಮೇಲೆ ದೂರ ಇಡಿ. ಅರ್ಧ ಗಂಟೆ ಕಣ್ಣಿಡಿ. ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ಹೊಲಗಳಲ್ಲಿ ಒಣ ಹೊಟ್ಟು, ಜೋಳದ ಕೂಳೆ ಇರುತ್ತದೆ. ಒಂದು ಕಿಡಿ ಸಾಕು. ಪರರ ಹೊಲ ಅದು, ಅಲ್ವಾ?

ಇಎಸ್‌ಸಿ, ಮೋಟರ್, ಬ್ಯಾಟರಿ, ಪ್ರತಿ ಸರ್ವೋ (ಏಲೆರಾನ್, ರಡ್ಡರ್ ಅಲ್ಲಾಡಿಸುವ ಪುಟ್ಟ ಮೋಟರ್) ಬೆರಳಿನಿಂದ ಮುಟ್ಟಿ ನೋಡಿ. ಯಾವುದು ಬೆಚ್ಚಗಿದೆ, ಯಾವುದನ್ನು ಮುಟ್ಟಕ್ಕೇ ಆಗುತ್ತಿಲ್ಲ ಅಂತ ಅಲ್ಲೇ ಬರೆದುಕೊಳ್ಳಿ. ಹತ್ತು ನಿಮಿಷದಲ್ಲಿ ಎಲ್ಲಾ ಆರಿಹೋಗುತ್ತದೆ. ಬ್ಯಾಟರಿಯ ಪ್ರತಿ ಸೆಲ್ಲಿನ ವೋಲ್ಟೇಜ್ ನೋಡಿ. ಪುಶ್‌ರಾಡ್ (ಸರ್ವೋ ಮತ್ತು ಪಟ್ಟಿಯ ನಡುವಿನ ಕಡ್ಡಿ) ತುಂಡು, ಅದರ ತುದಿಯ ಸಣ್ಣ ಕ್ಲಿಪ್ಪು ಅಂದರೆ ಕ್ಲೆವಿಸ್, ಸ್ಕ್ರೂ, ಏನೇ ಸಿಕ್ಕರೂ ಒಂದು ಚೀಲಕ್ಕೆ ಹಾಕಿ. ಎರೆ ಮಣ್ಣು ಒಣಗಿ ಬಿರುಕು ಬಿಟ್ಟಿದ್ದರೆ ಸಣ್ಣ ಸಾಮಾನು ಬಿರುಕಿನೊಳಗೆ ಹೋಗಿಬಿಡುತ್ತದೆ, ಬಗ್ಗಿ ಹುಡುಕಬೇಕು.

ಹೆಜ್ಜೆ 2: ಹೇಗೆ ಬಿತ್ತು ಅಂತ ಕೇಳಿ, ಯಾಕೆ ಬಿತ್ತು ಅಂತ ಕೇಳಬೇಡಿ

ಪಕ್ಕದಲ್ಲಿ ನಿಂತು ನೋಡಿದವರನ್ನು ಒಬ್ಬೊಬ್ಬರನ್ನಾಗಿ ಕೇಳಿ. ಒಬ್ಬರು "ಸಿಗ್ನಲ್" ಅಂದರೆ ಉಳಿದವರೂ ಅದನ್ನೇ ಅನ್ನುತ್ತಾರೆ. ಕೇಳಬೇಕಾದದ್ದು ಇಷ್ಟು: ಮೋಟರ್ ಸದ್ದು ಯಾವಾಗ ನಿಂತಿತು? ರೆಕ್ಕೆ ಯಾವ ಕಡೆ ವಾಲಿತು? ಬೀಳುವಾಗ ನಡುವೆ ಒಂದು ಸಲ ಚೇತರಿಸಿಕೊಂಡ ಹಾಗೆ ಕಂಡಿತಾ?

ಮೋಟರ್ ಮಾತ್ರ ನಿಂತು ಉಳಿದ ಕಂಟ್ರೋಲ್ ಎಲ್ಲಾ ಕೆಲಸ ಮಾಡಿದ್ದರೆ ರೇಡಿಯೋ ಸರಿಯಾಗೇ ಇದೆ. ಬ್ಯಾಟರಿ ಇಳಿದು ಇಎಸ್‌ಸಿ ತಾನೇ ಮೋಟರ್ ಕಡಿದಿರಬಹುದು, ಅಥವಾ ಮೋಟರಿನ ಮೂರು ವೈರುಗಳಲ್ಲಿ ಒಂದರ ಬೆಸುಗೆ ಬಿಟ್ಟಿರಬಹುದು. ಒಂದೇ ಕಂಟ್ರೋಲ್ ಸತ್ತಿದ್ದರೆ ಅದರ ಸರ್ವೋ, ವೈರು, ಕೊಂಡಿ ನೋಡಿ. ರೇಡಿಯೋ ಹೋದರೆ ಒಂದೇ ಚಾನೆಲ್ (ಒಂದು ಕಂಟ್ರೋಲಿನ ದಾರಿ) ಹೋಗುವುದಿಲ್ಲ, ಎಲ್ಲಾ ಒಟ್ಟಿಗೆ ಹೋಗುತ್ತವೆ. ಎಲ್ಲಾ ಒಂದೆರಡು ಸೆಕೆಂಡ್ ಸತ್ತು, ಮೋಟರೂ ನಿಂತು, ನೆಲ ಹತ್ತಿರ ಬಂದಾಗ ಮತ್ತೆ ಜೀವ ಬಂದಿದ್ದರೆ ಅದು ಬಹುತೇಕ ಬ್ರೌನೌಟ್. ಅಂದರೆ ರಿಸೀವರ್‌ಗೆ ವೋಲ್ಟೇಜ್ ಕುಸಿದು ಅದು ಆರಿ ಮತ್ತೆ ಶುರುವಾಗಿರುತ್ತದೆ.

ಇನ್ನೊಂದಿದೆ, ಇದನ್ನು ಒಪ್ಪಿಕೊಳ್ಳೋದು ಕಷ್ಟ. ನಿಧಾನವಾಗಿ ಹಾರುತ್ತಾ ಗಟ್ಟಿ ತಿರುವು ಹೊಡೆದಾಗ ಒಂದು ರೆಕ್ಕೆ ಥಟ್ಟನೆ ಕೆಳಗೆ ಬಿದ್ದು ಸುತ್ತುತ್ತಾ ಬಂದರೆ ಅದು ಸ್ಟಾಲ್. ರೆಕ್ಕೆಗೆ ಗಾಳಿ ಸಾಲಲಿಲ್ಲ. ಆಗ ಸ್ಟಿಕ್ ಎಳೆದಷ್ಟೂ ಇನ್ನೂ ಕೆಡುತ್ತದೆ, ಕೈಯಲ್ಲಿ ಹಿಡಿದವರಿಗೆ ಮಾತ್ರ "ಏನು ಮಾಡಿದರೂ ಕೇಳಲಿಲ್ಲ" ಅನಿಸುತ್ತದೆ. ಗಾಳಿ ಹಿಂದಿನಿಂದ ಬರುವಾಗ ವಿಮಾನ ನೆಲಕ್ಕೆ ಹೋಲಿಸಿದರೆ ಜೋರಾಗಿ ಹೋಗುವಂತೆ ಕಾಣುತ್ತದೆ, ಹಾಗಾಗಿ ಥ್ರಾಟಲ್ ಇಳಿಸಿಬಿಡುತ್ತೇವೆ. ಸಂಜೆ ಸೂರ್ಯನ ಎದುರು ಹಾರಿಸಿದಾಗ ವಿಮಾನ ಬರೀ ಕಪ್ಪು ಚುಕ್ಕಿ, ನಮ್ಮ ಕಡೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ತಿಳಿಯದೆ ಉಲ್ಟಾ ಸ್ಟಿಕ್ ಕೊಟ್ಟಿರುತ್ತೇವೆ. ಹುಡುಗರನ್ನು ಬೈಯದೆ ಕೇಳಿದರೆ ನಿಜ ಹೇಳುತ್ತಾರೆ.

ಹೆಜ್ಜೆ 3: ಕರೆಂಟ್. ಇಲ್ಲಿ ಜಾಸ್ತಿ ಹೊತ್ತು ಕೂರಿ

ಪ್ರೊಪೆಲ್ಲರ್ ಬಿಚ್ಚಿ. ಟೇಬಲ್ ಮೇಲೆ ಪರೀಕ್ಷೆ ಮಾಡುವಾಗ ಇದು ಪ್ರತಿ ಸಲ, ಯಾವ ನೆಪವೂ ಇಲ್ಲ.

ಸಣ್ಣ ವಿಮಾನಗಳಲ್ಲಿ ರಿಸೀವರ್‌ಗೂ ಸರ್ವೋಗಳಿಗೂ 5 ವೋಲ್ಟ್ ಕೊಡುವುದು ಇಎಸ್‌ಸಿ ಒಳಗಿರುವ ಬಿಇಸಿ. ಅಗ್ಗದ ಇಎಸ್‌ಸಿಗಳಲ್ಲಿ ಇದು ಲೀನಿಯರ್ ಜಾತಿಯದು. ಬೇಡದ ವೋಲ್ಟೇಜನ್ನು ಅದು ಪೂರ್ತಿ ಬಿಸಿ ಮಾಡಿ ಕಳೆಯುತ್ತದೆ. ಲೆಕ್ಕ ಹಾಕೋಣ. ತುಂಬಿದ 3 ಸೆಲ್ ಲಿಪೋ 12.6 ವೋಲ್ಟ್. ಬೇಕಾಗಿದ್ದು 5. ಉಳಿದ 7.6 ವೋಲ್ಟ್ ಬಿಸಿಯಾಗಬೇಕು. ಸರ್ವೋಗಳು ಸೇರಿ 1.5 ಆಂಪಿಯರ್ ಎಳೆದರೆ 7.6 ಗುಣಿಸು 1.5, ಅಂದರೆ 11.4 ವ್ಯಾಟ್. 25 ವ್ಯಾಟಿನ ಸೋಲ್ಡರಿಂಗ್ ಐರನ್ನಿನ ಅರ್ಧಕ್ಕೆ ಹತ್ತಿರದ ಶಾಖ, ಬೆರಳಗಲದ ಬೋರ್ಡಿನ ಮೇಲೆ! ಅದರ ಮೇಲೆ ಮೋಟರ್ ನಡೆಸುವ ಶಾಖ ಬೇರೆ. ಅದನ್ನು ಫೋಮಿನ ಡಬ್ಬಿಯೊಳಗೆ ಗಾಳಿ ಆಡದ ಹಾಗೆ ಮುಚ್ಚಿಟ್ಟರೆ ಏನಾಗುತ್ತದೆ? ಮಿತಿ ದಾಟಿದಾಗ ಬಿಇಸಿ ತನ್ನನ್ನು ಉಳಿಸಿಕೊಳ್ಳಲು ಆರಿಬಿಡುತ್ತದೆ. ಹಲವು 2.4 ಗಿಗಾಹರ್ಟ್ಜ್ ರಿಸೀವರ್‌ಗಳು ವೋಲ್ಟೇಜ್ ಸುಮಾರು 3.5ಕ್ಕೆ ಇಳಿದರೆ ನಿಂತುಹೋಗುತ್ತವೆ. ನಮ್ಮ ಅಳಿಯನ ವಿಮಾನದಲ್ಲಿ ಆಗಿದ್ದು ಇದೇ.

ಪರೀಕ್ಷೆ ಹೀಗೆ ಮಾಡಿ. ರಿಸೀವರಿನ ಖಾಲಿ ಚಾನೆಲ್ಲಿಗೆ ಒಂದು ಸರ್ವೋ ವೈರು ಸಿಕ್ಕಿಸಿ, ಅದರ ಕೆಂಪು ಮತ್ತು ಕಪ್ಪಿಗೆ ಮಲ್ಟಿಮೀಟರ್ ಹಿಡಿಯಿರಿ. ತುಂಬಿದ ಬ್ಯಾಟರಿ ಹಾಕಿ. ಎರಡೂ ಸ್ಟಿಕ್‌ಗಳನ್ನು ಬಿಡದೆ ಮೂಲೆಯಿಂದ ಮೂಲೆಗೆ ಐದು ನಿಮಿಷ ತಿರುಗಿಸಿ. ಇನ್ನೊಬ್ಬರು ಏಲೆರಾನ್, ಎಲಿವೇಟರ್‌ಗಳನ್ನು ಬೆರಳಿನಿಂದ ಹಗುರಾಗಿ ಒತ್ತಿ ಹಿಡಿಯಲಿ, ಗಾಳಿಯ ಒತ್ತಡದ ಥರ. 9 ಗ್ರಾಂ ಸರ್ವೋ ಸುಮ್ನೆ ಕೂತಾಗ ಬಹಳ ಕಡಿಮೆ ಕರೆಂಟ್ ಎಳೆಯುತ್ತದೆ, ಪೂರ್ತಿ ತಡೆದು ಹಿಡಿದರೆ ಒಂದೇ ಅರ್ಧ ಆಂಪಿಯರ್ ದಾಟುತ್ತದೆ. ಹಾಗಾಗಿ ಹಗುರಾಗಿ ಹಿಡಿಯಿರಿ, ಗೇರು ಮುರಿಯುವಷ್ಟಲ್ಲ. ವೋಲ್ಟೇಜ್ 4.8ರ ಕೆಳಗೆ ಬಂದರೆ ಅನುಮಾನ ಪಡಿ, 4.5ರ ಕೆಳಗೆ ಬಂದರೆ ಆ ಬಿಇಸಿ ಬೇಡ. ಮೀಟರ್ ನಿಧಾನ, ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಕುಸಿತ ಅದಕ್ಕೆ ಕಾಣಿಸುವುದಿಲ್ಲ. ಹಾಗಾಗಿ ರಿಸೀವರ್ ದೀಪದ ಮೇಲೂ ಕಣ್ಣಿರಲಿ.

ನಾವು ಇದನ್ನು ಮಾಡಿದಾಗ ಮೂರನೇ ನಿಮಿಷಕ್ಕೆ ದೀಪ ಆರಿತು. ಸ್ವಲ್ಪ ತಣಿದ ಮೇಲೆ ತಾನೇ ಹತ್ತಿಕೊಂಡಿತು. ಹುಡುಗ ಎದ್ದು ನಿಂತುಬಿಟ್ಟ.

ಪರಿಹಾರ ಸುಲಭ. 3 ಅಥವಾ 5 ಆಂಪಿಯರಿನ ಬೇರೆ ಸ್ವಿಚಿಂಗ್ ಯುಬಿಇಸಿ (ಇಎಸ್‌ಸಿಯ ಹೊರಗೆ ಕೂರುವ, ಕಡಿಮೆ ಬಿಸಿಯಾಗುವ ಬಿಇಸಿ) ಹಾಕಿ. ಹಾಕಿದ ಮೇಲೆ ಇಎಸ್‌ಸಿಯಿಂದ ರಿಸೀವರ್‌ಗೆ ಬರುವ ಮೂರು ವೈರುಗಳಲ್ಲಿ ನಡುವಿನ ಕೆಂಪನ್ನು ಪ್ಲಗ್ಗಿನಿಂದ ಹೊರಗೆ ಎಳೆದು ಟೇಪ್ ಸುತ್ತಿ. ಇಲ್ಲದಿದ್ದರೆ ಎರಡು ಬಿಇಸಿಗಳು ಒಂದಕ್ಕೊಂದು ಜಗಳ ಆಡುತ್ತವೆ. ಇಎಸ್‌ಸಿಗೆ ಗಾಳಿ ಒಳಬರುವ ತೂತು ಮಾಡಿ, ಬಿಸಿಗಾಳಿ ಹೊರಹೋಗುವ ತೂತು ಅದಕ್ಕಿಂತ ದೊಡ್ಡದಿರಲಿ. ಖಾಲಿ ಚಾನೆಲ್ಲಿನಲ್ಲಿ 2200 ಮೈಕ್ರೋಫ್ಯಾರಡ್, 16 ವೋಲ್ಟಿನ ಕೆಪಾಸಿಟರ್ ಸಿಕ್ಕಿಸಿದರೆ ಕ್ಷಣಿಕ ಕುಸಿತಗಳು ತಪ್ಪುತ್ತವೆ, ಪ್ಲಸ್ ಮೈನಸ್ ನೋಡಿ ಹಾಕಿ. ಆದರೆ ಕೆಪಾಸಿಟರ್ ಸೋತ ಬಿಇಸಿಗೆ ಔಷಧ ಅಲ್ಲ.

ಜೊತೆಗೆ ಕನೆಕ್ಟರ್‌ಗಳನ್ನು ಎಳೆದು ಅಲ್ಲಾಡಿಸಿ ನೋಡಿ. ಮಳೆಗಾಲ ಪೂರ್ತಿ ಅಟ್ಟದ ಮೇಲಿದ್ದ ವಿಮಾನದ ಪ್ಲಗ್ಗುಗಳಲ್ಲಿ ಕಿಲುಬು ಕೂತಿರುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಲಿಪೋ ಬಿಟ್ಟು ಬರಬೇಡಿ. ಏಪ್ರಿಲ್ ಬಿಸಿಲು ಗದಗದಲ್ಲಿ ಹೇಗಿರುತ್ತದೆ ನಿಮಗೇ ಗೊತ್ತು.

ಹೆಜ್ಜೆ 4: ಸರ್ವೋ, ಕೊಂಡಿ, ಹಿಂಜು (ಕೀಲು)

ಬಿಇಸಿ ಸೋತದ್ದು ಅರ್ಧ ಕಥೆ. ಅದು ಯಾಕೆ ಅಷ್ಟು ಕರೆಂಟ್ ಕೊಡಬೇಕಾಯಿತು? ಎಡ ಏಲೆರಾನ್ ಸರ್ವೋ ಸುಮ್ಮನಿದ್ದಾಗಲೂ ಗುಂಯ್ ಅನ್ನುತ್ತಿತ್ತು. ಹಿಂದಿನ ವಾರ ಹಿಂಜು ಕಿತ್ತಿತ್ತು ಅಂತ ಹುಡುಗ ಬಿಸಿ ಅಂಟು ಹಾಕಿದ್ದ, ಅಂಟು ಹಾರ್ನಿನ (ಪುಶ್‌ರಾಡ್ ಸಿಕ್ಕಿಸುವ ಕೊಂಬು) ಬುಡಕ್ಕೆ ಹರಿದು ಬಿಗಿಯಾಗಿತ್ತು. ಪಾಪ, ಆ ಸರ್ವೋ ಹಾರಾಟದ ಉದ್ದಕ್ಕೂ ಆ ಅಂಟಿನ ಜೊತೆ ಗುದ್ದಾಡಿದೆ.

ಹಾಗಾಗಿ ನಿಶ್ಶಬ್ದ ಕೋಣೆಯಲ್ಲಿ ಕೂತು ಒಂದೊಂದು ಸರ್ವೋ ಹತ್ತಿರ ಕಿವಿ ಇಡಿ. ಗುಂಯ್ ಅಂದರೆ ಪುಶ್‌ರಾಡ್ ಬಿಚ್ಚಿ ಮತ್ತೆ ಕೇಳಿ. ಸದ್ದು ನಿಂತರೆ ತಪ್ಪು ಕೊಂಡಿಯಲ್ಲಿದೆ, ನಿಲ್ಲದಿದ್ದರೆ ಸರ್ವೋದಲ್ಲೇ ಇದೆ. ಸರ್ವೋ ತೋಳನ್ನು ಕರೆಂಟ್ ಇಲ್ಲದೆ ನಿಧಾನವಾಗಿ ಕೈಯಿಂದ ತಿರುಗಿಸಿ, ಎಲ್ಲಾದರೂ ಕಟ್ ಅಂತ ಸಿಕ್ಕಿಕೊಂಡರೆ ಗೇರಿನ ಹಲ್ಲು ಹೋಗಿದೆ. ಸ್ಟಿಕ್ ಮುಟ್ಟದಿದ್ದರೂ ನಡುಗುವ ಸರ್ವೋ ಒಳಗಿನ ಪೊಟೆನ್ಶಿಯೋಮೀಟರ್ ಸವೆದಿರುತ್ತದೆ. ಇದನ್ನು ನೋಡಿಯೇ ಎಷ್ಟೋ ಜನ "ಇಂಟರ್‌ಫಿಯರೆನ್ಸ್" ಅನ್ನುತ್ತಾರೆ. ಆ ಸರ್ವೋವನ್ನು ಬೇರೆ ಚಾನೆಲ್ಲಿಗೆ ಹಾಕಿ, ನಡುಕ ಸರ್ವೋ ಜೊತೆಗೇ ಹೋದರೆ ರೇಡಿಯೋ ನಿರಪರಾಧಿ. ಕ್ಲೆವಿಸ್ ಮೇಲೆ ಸಿಲಿಕೋನ್ ಟ್ಯೂಬಿನ ಉಂಗುರ, ಸರ್ವೋ ತೋಳಿಗೆ ಸ್ಕ್ರೂ, ಸಿಜಿ (ವಿಮಾನದ ತೂಕ ಸಮತೋಲನವಾಗುವ ಬಿಂದು) ರೆಕ್ಕೆಯ ಮುಂಚೂಣಿಯಿಂದ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ. ಇವನ್ನು ಬೇಗ ನೋಡಿ ಮುಗಿಸಬಹುದು.

ಹೆಜ್ಜೆ 5: ಈಗ ರೇಡಿಯೋ

ಧಾರವಾಡದಲ್ಲಿ ಹಾರಿಸುವವರು ಆಕಾಶವಾಣಿಯನ್ನು ದೂರುವುದು ಕೇಳಿದ್ದೇನೆ. ಧಾರವಾಡ ಆಕಾಶವಾಣಿ ಬರುವುದು 765 ಕಿಲೋಹರ್ಟ್ಜ್‌ನಲ್ಲಿ. ನಮ್ಮ ಸೆಟ್ಟು 2.4 ಗಿಗಾಹರ್ಟ್ಜ್, ಅಂದರೆ ಮೂರು ಸಾವಿರ ಪಟ್ಟು ಮೇಲೆ. ಎರಡಕ್ಕೂ ಸಂಬಂಧ ಇಲ್ಲ. ಮೊಬೈಲ್ ಟವರ್ ವಿಷಯ ಸ್ವಲ್ಪ ಬೇರೆ. ನಮ್ಮ ದೇಶದ 4ಜಿ ಬಳಸುವ ಪಟ್ಟಿಗಳಲ್ಲಿ ಒಂದು 2300ರಿಂದ 2400 ಮೆಗಾಹರ್ಟ್ಜ್, ಅಂದರೆ ನಮ್ಮ ಪಟ್ಟಿಯ ಪಕ್ಕದ ಮನೆ. ಫಿಲ್ಟರ್ ಸರಿ ಇಲ್ಲದ ಅಗ್ಗದ ರಿಸೀವರ್ ಟವರಿನ ಬುಡದಲ್ಲಿ ಹಾರಿದರೆ ಅದರ ಕಿವಿ ಮಂದ ಆಗಬಹುದು. ದೂರದ ಟವರ್ ನೋಡಿ ಹೆದರಬೇಡಿ, ಬುಡದಲ್ಲಿ ಹಾರಿಸಲೂಬೇಡಿ.

ನಿಜವಾದ ಅಡ್ಡಿ ಸಾಮಾನ್ಯವಾಗಿ ನಮ್ಮ ವಿಮಾನದೊಳಗೇ ಇರುತ್ತದೆ. 2.4 ಗಿಗಾಹರ್ಟ್ಜ್ ಅಲೆಯ ಉದ್ದ 12.5 ಸೆಂಟಿಮೀಟರ್. ಅದರ ಕಾಲು ಭಾಗ, ಸುಮಾರು 31 ಮಿಲಿಮೀಟರ್, ರಿಸೀವರ್ ಆಂಟೆನಾದ ತುದಿಯಲ್ಲಿ ತೆಳ್ಳಗೆ ಕಾಣುವ ಭಾಗ. ಕೇಳಿಸಿಕೊಳ್ಳುವುದು ಅಷ್ಟೇ, ಉಳಿದದ್ದು ಬರೀ ಕೇಬಲ್. ಆ 31 ಮಿಲಿಮೀಟರ್ ಮಡಚಬಾರದು, ಕತ್ತರಿಸಬಾರದು, ಬ್ಯಾಟರಿಗೆ, ಮೋಟರ್ ವೈರಿಗೆ, ಕಾರ್ಬನ್ ಕೊಳವೆಗೆ ಅಂಟಿಕೊಂಡಿರಬಾರದು. ಕಾರ್ಬನ್ ಫೈಬರ್ ಕರೆಂಟ್ ಹರಿಸುತ್ತದೆ, ಹಾಗಾಗಿ ಅಲೆಗೆ ಗೋಡೆಯಾಗುತ್ತದೆ. ಎರಡು ಆಂಟೆನಾ ಇದ್ದರೆ ಒಂದಕ್ಕೊಂದು 90 ಡಿಗ್ರಿಯಲ್ಲಿ, ಸ್ಟ್ರಾ ತುಂಡಿನೊಳಗೆ ತೂರಿಸಿ ಅಂಟಿಸಿ. ಟ್ರಾನ್ಸ್‌ಮಿಟರ್ ಆಂಟೆನಾದ ತುದಿಯನ್ನು ವಿಮಾನದ ಕಡೆ ಗುರಿ ಇಡಬೇಡಿ, ತುದಿಯ ದಿಕ್ಕಿನಲ್ಲೇ ಅಲೆ ಅತಿ ಕಡಿಮೆ. ಅಡ್ಡ ಮಡಚಿಕೊಳ್ಳಿ. ಮನುಷ್ಯನ ಮೈ ಕೂಡ ಈ ಅಲೆಯನ್ನು ನುಂಗುತ್ತದೆ, ನೋಡಲು ಬಂದ ಜನ ನಿಮ್ಮ ಹಿಂದೆ ನಿಲ್ಲಲಿ. ದೂರದಲ್ಲಿ ಬದುವಿನ ಬೇವು, ಜಾಲಿ ಮರಗಳ ಹಿಂದೆ ಕೆಳಗೆ ಹಾರಿಸಿದರೆ ಸಿಗ್ನಲ್ ಕುಗ್ಗುತ್ತದೆ, ಮಳೆಯಲ್ಲಿ ತೊಯ್ದ ಎಲೆಗಳು ಇನ್ನೂ ಜಾಸ್ತಿ ನುಂಗುತ್ತವೆ. ವಿಮಾನದ ಮೇಲೆ ಕ್ಯಾಮೆರಾ ಕಟ್ಟಿದ್ದರೆ ಅದರ ವೈಫೈ ಆಫ್ ಇರಲಿ.

ರೇಂಜ್ ಪರೀಕ್ಷೆ ಮಾಡದೆ ಯಾವ ತೀರ್ಮಾನವೂ ಬೇಡ. ಟ್ರಾನ್ಸ್‌ಮಿಟರ್ ಮೆನುವಿನಲ್ಲಿ ಶಕ್ತಿ ಇಳಿಸುವ ರೇಂಜ್ ಚೆಕ್ ಹಾಕಿ. ಒಬ್ಬರು ವಿಮಾನವನ್ನು ಎದೆ ಎತ್ತರಕ್ಕೆ ಹಿಡಿಯಲಿ, ನೀವು 30 ಹೆಜ್ಜೆ ದೂರ ಹೋಗಿ. ವಿಮಾನವನ್ನು ಮೂಗು, ಬಾಲ, ಎರಡೂ ಪಕ್ಕ, ಹೊಟ್ಟೆ ಹೀಗೆ ಎಲ್ಲಾ ದಿಕ್ಕಿಗೆ ತಿರುಗಿಸಲಿ, ಕಂಟ್ರೋಲ್ ಎಲ್ಲಾ ತಡವಿಲ್ಲದೆ ಅಲ್ಲಾಡಬೇಕು. ನಿಮ್ಮ ಸೆಟ್ಟಿನ ಕೈಪಿಡಿ ಬೇರೆ ದೂರ ಹೇಳಿದ್ದರೆ ಅದೇ ಸರಿ. ಇದನ್ನು ಎರಡು ಸಲ ಮಾಡಿ. ಮೊದಲು ಮೋಟರ್ ನಿಲ್ಲಿಸಿ. ಆಮೇಲೆ ವಿಮಾನವನ್ನು ಗಟ್ಟಿಯಾಗಿ ಕಟ್ಟಿ, ಪ್ರೊಪೆಲ್ಲರ್ ಹಾಕಿ, ಎಲ್ಲರೂ ಅದರ ಹಿಂದೆ ನಿಂತು ಮೋಟರ್ ಅರ್ಧ ಥ್ರಾಟಲ್‌ನಲ್ಲಿ ಓಡಿಸಿ. ಮೋಟರ್ ಓಡುವಾಗ ದೂರ ಗಣನೀಯವಾಗಿ ಕಡಿಮೆಯಾದರೆ ಗದ್ದಲ ಇಎಸ್‌ಸಿಯಿಂದ ಬರುತ್ತಿದೆ. ರಿಸೀವರನ್ನು ದೂರ ಸರಿಸಿ, ಇಎಸ್‌ಸಿ ಸಿಗ್ನಲ್ ವೈರನ್ನು ಫೆರೈಟ್ ಉಂಗುರದೊಳಗೆ ನಾಲ್ಕೈದು ಸುತ್ತು ಸುತ್ತಿ, ಮತ್ತೆ ಅಳೆಯಿರಿ. ಟೆಲಿಮೆಟ್ರಿ (ವಿಮಾನದಿಂದ ಮಾಹಿತಿ ವಾಪಸ್ ಬರುವ ವ್ಯವಸ್ಥೆ) ಇರುವ ಸೆಟ್ಟಾದರೆ ರಿಸೀವರ್ ವೋಲ್ಟೇಜ್ ಮತ್ತು ಆರ್‌ಎಸ್‌ಎಸ್‌ಐ (ಸಿಗ್ನಲ್ಲಿನ ಬಲ) ಎರಡನ್ನೂ ಕಾರ್ಡಿಗೆ ಬರೆಸಿಕೊಳ್ಳಿ. ಬೀಳುವ ಮೊದಲು ಯಾವುದು ಮೊದಲು ಕುಸಿಯಿತು ಅನ್ನುವುದೇ ಉತ್ತರ.

ಹಳೆಯ 35, 40 ಅಥವಾ 72 ಮೆಗಾಹರ್ಟ್ಜ್‌ನ ಕ್ರಿಸ್ಟಲ್ ಸೆಟ್ಟು ಯಾರಾದರೂ ಕೊಟ್ಟರೆ ಅದರ ಕಥೆ ಬೇರೆ. ಅಲ್ಲಿ ನಿಮ್ಮದೇ ಫ್ರೀಕ್ವೆನ್ಸಿಯಲ್ಲಿ ಇನ್ನೊಬ್ಬರು ಸ್ವಿಚ್ ಹಾಕಿದರೆ ನಿಮ್ಮ ವಿಮಾನ ಬಿದ್ದ ಹಾಗೇ. ನನ್ನ ಮಾತು ಕೇಳುವುದಾದರೆ ಅದನ್ನು ಕಪಾಟಿನಲ್ಲಿ ಇಡಿ.

ಹೆಜ್ಜೆ 6: ಫೇಲ್‌ಸೇಫನ್ನು ಸಾಕ್ಷಿಯಾಗಿ ಇಡಿ

ಸಿಗ್ನಲ್ ಕಡಿದರೆ ರಿಸೀವರ್ ಏನು ಮಾಡಬೇಕು ಅಂತ ಮೊದಲೇ ಹೇಳಿಡುವುದು ಫೇಲ್‌ಸೇಫ್. ಮೋಟರ್ ಸೊನ್ನೆ ಆಗಲೇಬೇಕು, ಇದರಲ್ಲಿ ಚರ್ಚೆ ಇಲ್ಲ. ಜೊತೆಗೆ ರಡ್ಡರ್ ಸ್ವಲ್ಪ ಬಲಕ್ಕೆ ಇರುವಂತೆ ಇಡಿ. ವಿಮಾನ ದೂರ ಓಡದೆ ಸುತ್ತುತ್ತಾ ಇಳಿಯುತ್ತದೆ, ಇದು ಒಂದು ಲಾಭ. ಇನ್ನೊಂದು ಲಾಭ ಪತ್ತೆಗೆ. ಸಿಗ್ನಲ್ ಮಾತ್ರ ಹೋದರೆ ರಿಸೀವರ್ ಬದುಕಿರುತ್ತದೆ, ರಡ್ಡರ್ ಬಲಕ್ಕೆ ಹೋಗುತ್ತದೆ. ಕರೆಂಟ್ ಹೋದರೆ ರಿಸೀವರೇ ಸತ್ತಿರುತ್ತದೆ, ಸರ್ವೋಗಳು ಇದ್ದಲ್ಲೇ ನಿಲ್ಲುತ್ತವೆ. ನಮ್ಮ ವಿಮಾನ ಎಡಕ್ಕೆ ವಾಲಿದ್ದು ವಾಲಿದ ಹಾಗೇ ಬಿದ್ದಿತ್ತು. ಫೇಲ್‌ಸೇಫ್ ಸರಿಯಾಗಿ ಇಟ್ಟಿದ್ದರೆ ಅಲ್ಲೇ ಅರ್ಧ ಉತ್ತರ ಸಿಗುತ್ತಿತ್ತು. ಇಟ್ಟ ಮೇಲೆ ಪ್ರೊಪೆಲ್ಲರ್ ಬಿಚ್ಚಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ ಕಣ್ಣಾರೆ ನೋಡಿ. ರಿಸೀವರನ್ನು ಟ್ರಾನ್ಸ್‌ಮಿಟರ್ ಜೊತೆ ಮತ್ತೆ ಬೈಂಡ್ (ಜೋಡಿ) ಮಾಡಿದ ಪ್ರತಿ ಸಲವೂ ನೋಡಿ.

ಹೆಜ್ಜೆ 7: ಜಾಗ

ಹುಬ್ಬಳ್ಳಿಯವರು ಗೋಕುಲ ರಸ್ತೆಯ ವಿಮಾನ ನಿಲ್ದಾಣ ನೆನಪಿಡಿ. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಕ್ಕೂ ಅನ್ವಯಿಸುತ್ತವೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಹೊಲ ಹಸಿರು ವಲಯದಲ್ಲಿದೆಯಾ ನೋಡಿ. ಹಸಿರಿನಲ್ಲಿ ಎತ್ತರದ ಮಿತಿ 400 ಅಡಿ, ವಿಮಾನ ನಿಲ್ದಾಣದ ಅಂಚಿನಿಂದ 8ರಿಂದ 12 ಕಿಲೋಮೀಟರ್ ನಡುವೆ 200 ಅಡಿ. ಕಪ್ಪತಗುಡ್ಡದ ಗಾಳಿಯಂತ್ರಗಳ ಹಿಂದೆ ಗಾಳಿ ಕಲಕಿರುತ್ತದೆ, ಆ ಕಡೆ ಹಾರಿಸಬೇಡಿ. ಕಾರ ಹುಣ್ಣಿಮೆ ಹೊತ್ತಿಗೆ ಗಾಳಿಪಟದ ದಾರ ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳುತ್ತದೆ, ಆಕಾಶ ನೋಡಿ ಹಾರಿಸಿ. ಮತ್ತೆ, ಹೊಲದವರನ್ನು ಕೇಳಿಯೇ ಕಾಲಿಡಿ.

ಹೆಜ್ಜೆ 8: ಒಂದು ಸಲಕ್ಕೆ ಒಂದೇ ಬದಲಾವಣೆ

ರಿಸೀವರ್, ಬಿಇಸಿ, ಸರ್ವೋ ಎಲ್ಲಾ ಒಟ್ಟಿಗೆ ಬದಲಾಯಿಸಿದರೆ ವಿಮಾನ ಹಾರಬಹುದು, ಆದರೆ ಯಾವುದು ಕೆಟ್ಟಿತ್ತು ಅಂತ ತಿಳಿಯುವುದಿಲ್ಲ. ಆ ಕೆಟ್ಟದ್ದು ಡಬ್ಬಿಯಲ್ಲಿ ಉಳಿದು ಮುಂದಿನ ವಿಮಾನಕ್ಕೆ ಹೋಗುತ್ತದೆ. ಒಂದು ಬದಲಾಯಿಸಿ, ಹೆಜ್ಜೆ 3ರ ಪರೀಕ್ಷೆ ಮತ್ತೆ ಮಾಡಿ, ಬರೆಯಿರಿ. ಕೆಟ್ಟಿದ್ದಕ್ಕೆ ಕೆಂಪು ಟೇಪ್ ಸುತ್ತಿ. ನೂರು ಪುಟದ ಒಂದು ನೋಟ್‌ಬುಕ್ ಸಾಕು: ದಿನ, ಗಾಳಿ, ಹಾರಿಸುವ ಮೊದಲು ಮತ್ತು ಇಳಿಸಿದ ಮೇಲೆ ಬ್ಯಾಟರಿ ವೋಲ್ಟೇಜ್, ರೇಂಜ್ ಎಷ್ಟು ಹೆಜ್ಜೆ, ಇಎಸ್‌ಸಿ ಮುಟ್ಟಿದಾಗ ಹೇಗಿತ್ತು. ಮೊದಲ ಹಾರಾಟ ಎರಡೇ ನಿಮಿಷ, ಇಳಿಸಿ, ಮುಟ್ಟಿ ನೋಡಿ, ಆಮೇಲೆ ನಾಲ್ಕು.

ನಾವು ಏಲೆರಾನ್ ಹಿಂಜು ಹೊಸದು ಹಾಕಿ ಅಳೆದೆವು, ದೀಪ ಆರಲು ಈಗ ಐದು ನಿಮಿಷ ಹಿಡಿಯಿತು. ಯುಬಿಇಸಿ ಹಾಕಿ ಅಳೆದೆವು, ಹದಿನೈದು ನಿಮಿಷವಾದರೂ ಆರಲಿಲ್ಲ, ವೋಲ್ಟೇಜ್ 5.0ರಿಂದ 4.9ಕ್ಕೆ ಮಾತ್ರ ಇಳಿಯಿತು. ಮಾರ್ಚ್‌ನಲ್ಲಿ ಅದೇ ಹೊಲಕ್ಕೆ, ಅದೇ ಟವರಿನ ಎದುರಿಗೆ ಹೋದೆವು. ಆರು ನಿಮಿಷ ಹಾರಿಸಿ ಇಳಿಸಿದ ಮೇಲೆ ಅಳಿಯ ಹ್ಯಾಚ್ (ಮುಚ್ಚಳ) ತೆಗೆದು ಅಜ್ಜನ ಕಡೆ ಹಿಡಿದ. ಅವರು ಬೆರಳಿಟ್ಟು, ತೆಗೆಯದೆ ಹಾಗೇ ಇಟ್ಟುಕೊಂಡು, "ಈಗ ಬರೇ ಬೆಚ್ಚಗ ಐತಿ" ಅಂದರು. ಅವನು ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.